ಹಳೆಯ ಹೊಲಿಗೆ ಯಂತ್ರಕ್ಕೆ ಹೊಸ ಜೀವ

ಅನ್ನದ ಅನಂತರ ಮನುಷ್ಯನಿಗೆ ಬೇಕಾದುದು ಬಟ್ಟೆ. ಸಾವಿರಾರು ವರ್ಷಗಳ ಕಾಲ ಆ ಬಟ್ಟೆಯನ್ನು ಹೊಲಿದುದು ಸೂಜಿ ಹಿಡಿದ ಕೈಯೇ. ಆ ಕೈಯ ಶ್ರಮವನ್ನು ಹಗುರಗೊಳಿಸಿದ ಸಾಧನವೇ ಹೊಲಿಗೆ ಯಂತ್ರ. ಇಂದು ವಿದ್ಯುತ್ತಿನಿಂದ ನಡೆಯುವ ಯಂತ್ರಗಳು ಬಂದಿವೆ. ಆದರೂ ಕೆಲವು ಮನೆಗಳ ಅಟ್ಟದ ಮೇಲೆ, ಧೂಳು ಮುಸುಕಿದ ಮರದ ಪೆಟ್ಟಿಗೆಯೊಳಗೆ, ಕೈಯಿಂದ ತಿರುಗಿಸುವ ಹಳೆಯ ಯಂತ್ರವೊಂದು ಮೌನವಾಗಿ ಕುಳಿತಿರುತ್ತದೆ. ಅದು ಕೆಟ್ಟಿತೆಂದು ಬಗೆದು ಹಳೆಯ ಕಬ್ಬಿಣದ ಬೆಲೆಗೆ ತೂಗಿಕೊಡುವವರುಂಟು. ಎಷ್ಟೋ ವೇಳೆ ಅದು ಕೆಟ್ಟಿರುವುದಿಲ್ಲ. ಅದರ ಎಣ್ಣೆ ಒಣಗಿರುತ್ತದೆ, ಅಷ್ಟೆ.

ಈ ಯಂತ್ರದ ಹುಟ್ಟು ಸುಲಭವಾದುದಾಗಿರಲಿಲ್ಲ. 1830ರಲ್ಲಿ ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೊನಿಯೆ ಹೊಲಿಗೆ ಯಂತ್ರವೊಂದಕ್ಕೆ ಪೇಟೆಂಟ್ ಪಡೆದನು. ತಮ್ಮ ಜೀವನೋಪಾಯ ತಪ್ಪೀತೆಂದು ಹೆದರಿದ ದರ್ಜಿಗಳು 1831ರಲ್ಲಿ ಅವನ ಯಂತ್ರಗಳನ್ನು ಮುರಿದುಹಾಕಿದರು. 1846ರಲ್ಲಿ ಅಮೆರಿಕದ ಎಲಿಯಾಸ್ ಹೋ, 1851ರಲ್ಲಿ ಐಸಾಕ್ ಸಿಂಗರ್ ಸುಧಾರಿತ ಯಂತ್ರಗಳಿಗೆ ಪೇಟೆಂಟ್ ಪಡೆದರು. ಸಿಂಗರ್ ಕಂಪೆನಿಯು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ 1885ರಲ್ಲಿ ತೆರೆದ ಬೃಹತ್ ಕಾರ್ಖಾನೆ 1980ರವರೆಗೆ ನಡೆಯಿತು. ಯಂತ್ರಗಳ ಮೋಹವನ್ನು ವಿರೋಧಿಸಿದ ಗಾಂಧೀಜಿಯವರು ಸಹ 1924ರ ಸಂಭಾಷಣೆಯೊಂದರಲ್ಲಿ ಸಿಂಗರ್ ಯಂತ್ರವನ್ನು ಅಪವಾದವಾಗಿ ಎಣಿಸಿದರು. ಮನುಷ್ಯನ ದುಡಿಮೆಯನ್ನು ಕಸಿಯದೆ ಅವನ ಬಳಲಿಕೆಯನ್ನು ತಗ್ಗಿಸುವ ಯಂತ್ರ ಅವರಿಗೆ ಒಪ್ಪಿಗೆಯಾಗಿತ್ತು.

ಹಳೆಯ ಯಂತ್ರ ದೊರೆತಾಗ ಮೊದಲು ಮಾಡಬೇಕಾದುದು ಅದರ ಗುರುತು ಹಚ್ಚುವುದು. ಸಿಂಗರ್ ಯಂತ್ರವಾದರೆ ಅದರ ಪೀಠದ ಮೇಲೆ ಕ್ರಮಸಂಖ್ಯೆಯನ್ನು ಒತ್ತಿರುತ್ತಾರೆ. ಬರಿಯ ಅಂಕಿಗಳಿದ್ದರೆ ಅದು 1900ಕ್ಕೆ ಹಿಂದಿನದು. ಅಂಕಿಗಳ ಮುಂದೆ ಇಂಗ್ಲಿಷಿನ ಅಕ್ಷರವಿದ್ದರೆ ಅನಂತರದ್ದು. 'ಎಫ್', 'ಜೆ', 'ವೈ' ಮುಂತಾದ ಅಕ್ಷರಗಳು ಕ್ಲೈಡ್‌ಬ್ಯಾಂಕಿನ ಗುರುತುಗಳು. ಯಂತ್ರದ ಫಲಕದ ಮೇಲೆ ಕಾಣುವ ಪೇಟೆಂಟ್ ದಿನಾಂಕವನ್ನೇ ತಯಾರಿಕೆಯ ವರ್ಷವೆಂದು ತಿಳಿಯಬಾರದು. ಪೇಟೆಂಟ್ ದೊರೆತ ಎಷ್ಟೋ ವರ್ಷಗಳ ಅನಂತರವೂ ಅದೇ ದಿನಾಂಕವನ್ನು ಅಚ್ಚೊತ್ತುತ್ತಿದ್ದರು. ಲಾಳಿಯ ಆಕಾರವೂ ಒಂದು ಸಾಕ್ಷಿ. ಸಿಂಗರ್ 28ನೆಯ ಮಾದರಿಯ ಲಾಳಿ ಬಂದೂಕಿನ ಗುಂಡಿನಂತೆ ಉದ್ದವಾಗಿದ್ದು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ. 66ನೆಯ ಮಾದರಿಯಲ್ಲಿ ದುಂಡನೆಯ ಬಾಬಿನ್ ಇರುತ್ತದೆ.

ಗುರುತು ಬಲ್ಲವನು ಮೋಸಹೋಗಲಾರನು. 2009ರಲ್ಲಿ ಸೌದಿ ಅರೇಬಿಯಾದಲ್ಲಿ, ಹಳೆಯ ಸಿಂಗರ್ ಯಂತ್ರಗಳೊಳಗೆ 'ಕೆಂಪು ಪಾದರಸ'ವೆಂಬ ಅಮೂಲ್ಯ ವಸ್ತುವಿದೆಯೆಂಬ ವದಂತಿ ಹಬ್ಬಿತು. ಜನರು ಅವುಗಳಿಗೆ ಸಾವಿರಾರು ರಿಯಾಲ್ ತೆತ್ತರು. ಆ ಯಂತ್ರಗಳೊಳಗೆ ಕಬ್ಬಿಣ, ಉಕ್ಕು ಮತ್ತು ಎಣ್ಣೆಯ ಹೊರತು ಯಾವ ನಿಧಿಯೂ ಇರಲಿಲ್ಲ.

ಗುರುತು ಹಚ್ಚಿದ ಮೇಲೆ ದುರಸ್ತಿಗೆ ತೊಡಗಬೇಕು. ಇಲ್ಲಿ ಬಲಕ್ಕಿಂತ ತಾಳ್ಮೆ ಮುಖ್ಯ. ಹಿಡಿ ತಿರುಗದಿದ್ದರೆ ಸುತ್ತಿಗೆಯಿಂದ ಬಡಿಯಬಾರದು. ಎರಕದ ಕಬ್ಬಿಣ ಪೆಟ್ಟಿಗೆ ಬಿರಿಯುತ್ತದೆ. ಲಾಳಿಯ ಹಾದಿಯಲ್ಲಿ ದಾರದ ಎಳೆ ಸಿಕ್ಕಿದೆಯೇ ಎಂದು ಮೊದಲು ನೋಡಬೇಕು. ಚಕ್ರ ತಿರುಗಿದರೂ ಸೂಜಿ ಅಲುಗದಿದ್ದರೆ, ಬಾಬಿನ್‌ಗೆ ದಾರ ಸುತ್ತುವಾಗ ಸಡಿಲಿಸಿದ ಚಕ್ರದ ನಡುವಣ ತಿರುಪನ್ನು ಬಿಗಿಮಾಡಲು ಮರೆತಿರಬಹುದು. ಒಣಗಿದ ಎಣ್ಣೆ ಅಂಟಾಗಿ ಕೀಲುಗಳನ್ನು ಹಿಡಿದಿದ್ದರೆ, ಬೆಂಕಿಯಿಂದ ದೂರದಲ್ಲಿ ಕುಳಿತು ಅವುಗಳಿಗೆ ಹನಿಹನಿಯಾಗಿ ಸೀಮೆಎಣ್ಣೆ ಬಿಟ್ಟು ಕಾಯಬೇಕು. ಒಂದೆರಡು ದಿನಗಳಾದರೂ ಬೇಸರಿಸಬಾರದು. ಅಂಟು ಕರಗಿದಂತೆ ಚಕ್ರವನ್ನು ಮೆಲ್ಲನೆ ಹಿಂದೆ ಮುಂದೆ ಆಡಿಸಬೇಕು. ಸೀಮೆಎಣ್ಣೆ ಕೊಳೆಯನ್ನು ಕರಗಿಸುತ್ತದೆಯೇ ಹೊರತು ಸವೆತವನ್ನು ತಡೆಯಲಾರದು; ಆದುದರಿಂದ ಅದನ್ನು ಒರಸಿ ತೆಗೆದು ಹೊಲಿಗೆ ಯಂತ್ರದ ಎಣ್ಣೆಯನ್ನೇ ಹಾಕಬೇಕು. ಅಡುಗೆಯ ಎಣ್ಣೆ ಮತ್ತೆ ಅಂಟಾಗುತ್ತದೆ.

ಕಪ್ಪು ಮೈಯ ಮೇಲಿನ ಹೊಂಬಣ್ಣದ ಚಿತ್ತಾರವನ್ನು ಕಾಪಾಡುವುದು ಇನ್ನೂ ಸೂಕ್ಷ್ಮವಾದ ಕೆಲಸ. ಆ ಚಿತ್ತಾರವನ್ನು ಅರಗಿನ ಮೆರುಗು ಕಾಯುತ್ತಿರುತ್ತದೆ. ಸ್ಪಿರಿಟ್ ತಗಲಿದರೆ ಅರಗು ಕರಗಿ, ನೂರು ವರ್ಷ ಉಳಿದ ಅಲಂಕಾರ ಒಂದು ಗಳಿಗೆಯಲ್ಲಿ ಅಳಿದುಹೋಗುತ್ತದೆ. ಮೆತ್ತನೆಯ ಬಟ್ಟೆಗೆ ಯಂತ್ರದ ಎಣ್ಣೆ ಸವರಿ ಹಗುರವಾಗಿ ಒರಸಿದರೆ ಸಾಕು. ಹೊಸದಾಗಿ ಕಾಣಲೆಂದು ಬಣ್ಣ ಬಳಿಯುವುದು ಅದರ ಚರಿತ್ರೆಯನ್ನೇ ಅಳಿಸಿದಂತೆ.

ಕೊನೆಯದಾಗಿ ಹೊಸ ಸೂಜಿಯನ್ನು, ಅದರ ಚಪ್ಪಟೆ ಬದಿ ಲಾಳಿಯ ಕಡೆಗಿರುವಂತೆ ಜೋಡಿಸಬೇಕು. ಆಗ ಬಲಗೈ ಹಿಡಿಯನ್ನು ತಿರುಗಿಸುತ್ತದೆ, ಎಡಗೈ ಬಟ್ಟೆಯನ್ನು ನಡೆಸುತ್ತದೆ. ಸೂಜಿ ಬಟ್ಟೆಯನ್ನು ತೂರಿ ಕೆಳಗಿಳಿದು ಮೇಲೇಳುವಾಗ ದಾರವು ಕುಣಿಕೆಯಾಗುತ್ತದೆ. ಲಾಳಿ ಆ ಕುಣಿಕೆಯೊಳಗೆ ನುಸುಳುತ್ತದೆ. ಎರಡು ದಾರಗಳೂ ಒಂದನ್ನೊಂದು ಬಿಗಿದಪ್ಪುತ್ತವೆ. ಬಹುಕಾಲ ಮೂಕವಾಗಿದ್ದ ಯಂತ್ರ ಮತ್ತೆ ನುಡಿಯತೊಡಗುತ್ತದೆ.

ಇದು ಕೇವಲ ವಿನೋದವಲ್ಲ. ಬ್ರಿಟನ್ನಿನ 'ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್' ಸಂಸ್ಥೆಯ ಸ್ವಯಂಸೇವಕರು ಇಂತಹ ಯಂತ್ರಗಳನ್ನು ದುರಸ್ತಿಗೊಳಿಸಿ ಆಫ್ರಿಕದ ದೇಶಗಳಿಗೆ ಕಳುಹಿಸಿದ್ದಾರೆ. ವಿದ್ಯುತ್ತು ತಲುಪದ ಹಳ್ಳಿಯಲ್ಲಿ ಕೈಯಂತ್ರವೊಂದು ಒಂದು ಕುಟುಂಬದ ಅನ್ನದ ದಾರಿಯಾಗಬಲ್ಲುದು. ಹಳತೆಂದು ಎಸೆಯುವ ಮೊದಲು ಅದನ್ನು ಅರಿಯುವ ತಾಳ್ಮೆ ಇರಬೇಕು. ಮುರಿಯಲು ಒಂದು ಪೆಟ್ಟು ಸಾಕು; ಉಳಿಸಲು ತಿಳಿವಳಿಕೆ ಬೇಕು.

ಅಭ್ಯಾಸ

1. ತಿಮೊನಿಯೆಯ ಯಂತ್ರಗಳನ್ನು ದರ್ಜಿಗಳು ಏಕೆ ಮುರಿದರು?
2. ಪೇಟೆಂಟ್ ದಿನಾಂಕದಿಂದ ಯಂತ್ರದ ವಯಸ್ಸನ್ನು ಏಕೆ ನಿರ್ಧರಿಸಲಾಗದು?
3. ಸೀಮೆಎಣ್ಣೆಗೂ ಯಂತ್ರದ ಎಣ್ಣೆಗೂ ಇರುವ ಉಪಯೋಗದ ವ್ಯತ್ಯಾಸವನ್ನು ತಿಳಿಸಿರಿ.
4. 'ಮುರಿಯಲು ಒಂದು ಪೆಟ್ಟು ಸಾಕು. ಉಳಿಸಲು ತಿಳಿವಳಿಕೆ ಬೇಕು' - ಈ ಮಾತನ್ನು ವಿವರಿಸಿರಿ.