ಗಿರಿಯ ಮೇಲಿನ ಮಂಜು: ಯಾತ್ರಾರ್ಥಿಗಳಿಗೆ ತಿಳುವಳಿಕೆ

ವಿಜಯಪುರದ ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರ ಕಡೆಯಿಂದ ಮುಳ್ಳಯ್ಯನಗಿರಿಗೆ ಬರುವ ಭಕ್ತಾದಿಗಳು ಮಂಜು ಕವಿದಾಗ ಕೇಳುವ ಮಾತು ಒಂದೇ: “ಇಷ್ಟು ದೂರ ಬಂದೀವಿ, ಏನೂ ಕಾಣವಲ್ತಲ್ರೀ?” ಕಾಣದೇ ಇರುವುದಕ್ಕೂ ಕಾರಣ ಉಂಟು. ಅದನ್ನು ತಿಳಿದರೆ ಬಯಲುಸೀಮೆಯ ಬರದ ಕಾರಣವೂ ತಿಳಿಯುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಈ ಶಿಖರ ಸುಮಾರು 1930 ಮೀಟರ್ ಎತ್ತರವಿದ್ದು, ಕರ್ನಾಟಕದಲ್ಲಿಯೇ ಅತಿ ಎತ್ತರದ್ದು. ತುದಿಯಲ್ಲಿ ಶ್ರೀ ಮುಳ್ಳಪ್ಪಸ್ವಾಮಿಯ ಗುಡಿ ಇದೆ. ವಿಜಯಪುರ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು ಹೆಚ್ಚುತ್ತದೆ. ಆದ್ದರಿಂದ ಬೆಚ್ಚನೆಯ ಬಟ್ಟೆ ಅವಶ್ಯ.

ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಹಸಿಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರುತ್ತದೆ. ಏರಿದಂತೆಲ್ಲ ತಣಿದು, ಅದರೊಳಗಿನ ಆವಿ ಸಣ್ಣ ಹನಿಯಾಗುತ್ತದೆ. ಕೆಳಗೆ ನಿಂತವರಿಗೆ ಅದು ಮೋಡ, ಮೇಲೆ ನಿಂತವರಿಗೆ ಮಂಜು. ಇಲ್ಲಿ ಮಳೆ ಸುರಿಸಿದ ಗಾಳಿ ಪೂರ್ವಕ್ಕೆ ಇಳಿಯುವಾಗ ಒಣಗಿರುತ್ತದೆ. ಅದಕ್ಕೇ ವಿಜಯಪುರ ಮಳೆನೆರಳಿನ ನಾಡು.

ಈ ಸಾಲಿನ ಬಾಬಾಬುಡನ್‌ಗಿರಿಗೆ 17ನೇ ಶತಮಾನದಲ್ಲಿ ಸಂತ ಬಾಬಾಬುಡನ್ ಯೆಮೆನ್ ದೇಶದಿಂದ 7 ಕಾಫಿ ಬೀಜ ತಂದರೆಂದು ಪ್ರತೀತಿ. ಈಗ ಇಳಿಜಾರಿನಲ್ಲೆಲ್ಲ ಮರದ ನೆರಳಿನಡಿ ಕಾಫಿ ತೋಟ. ಮಳೆಗಾಲ ಹಿಡಿಯುವ ಮೊದಲು ತೋಟದವರು ಕೊಂಬೆ ಸವರಿ ‘ಮರಗಸಿ’ ಮಾಡುತ್ತಾರೆ. ಗಾಳಿ ಬೆಳಕು ಆಡದಿದ್ದರೆ ಹಸಿಯಲ್ಲಿ ಗಿಡಕ್ಕೆ ಕೊಳೆರೋಗ ಬರುತ್ತದೆ. ಮಂಜು ಬಿದ್ದರೆ ದ್ರಾಕ್ಷಿಗೆ ದಾವಣಿ ರೋಗದ ಭಯ ಎಂಬುದು ತಿಕೋಟಾದ ರೈತನಿಗೆ ಗೊತ್ತೇ ಇದೆ. ಅಲ್ಲಿ ಒಣದ್ರಾಕ್ಷಿ ಶೆಡ್ಡಿನಲ್ಲಿರುವಾಗ ಮಳೆ ಬಂದರೆ ಆಗುವ ಸಂಕಟವೇ ಇಲ್ಲಿ ಕಾಫಿ ಕಣದಲ್ಲಿರುವಾಗ ಮಳೆ ಬಂದರೂ ಆಗುತ್ತದೆ. ಬೆಳೆ ಬೇರೆ, ಮುಗಿಲು ನೋಡುವ ಕಣ್ಣು ಒಂದೇ.

ಗಿರಿಯ ಹುಲ್ಲುಗಾವಲು, ಶೋಲಾ ಕಾಡು ಈ ನೀರನ್ನು ಹಿಡಿದಿಟ್ಟು ಮೆಲ್ಲಗೆ ಬಿಡುತ್ತವೆ. ಈ ಗಿರಿಸಾಲಿನಲ್ಲಿ ಹುಟ್ಟುವ ಯಗಚಿ ಹೇಮಾವತಿಯ ಮೂಲಕ ಕಾವೇರಿಗೆ, ವೇದಾವತಿ ತುಂಗಭದ್ರೆಯ ಮೂಲಕ ಕೃಷ್ಣೆಗೆ ಸೇರುತ್ತವೆ. ಇಲ್ಲಿ ಒಗೆದ ಪ್ಲಾಸ್ಟಿಕ್ ಚೀಲ ಹಳ್ಳ ಹಿಡಿದು ಹೊಲದವರೆಗೂ ಹೋದೀತು.

ಯಾತ್ರಾರ್ಥಿಗಳು ಗಮನಿಸತಕ್ಕದ್ದು: ಮಂಜು ಕವಿದಾಗ ಮೆಟ್ಟಿಲು ಬಿಟ್ಟು ಅಂಚಿಗೆ ಹೋಗಬಾರದು. ಹಸಿ ಹುಲ್ಲು ಜಾರುತ್ತದೆ, ಪ್ರಪಾತ ಕಾಣುವುದಿಲ್ಲ. ಮಕ್ಕಳ ಕೈ ಬಿಡಬೇಡಿರಿ. ಫೋಟೋ ಆಸೆಗೆ ಹಿಂದಕ್ಕೆ ಹೆಜ್ಜೆ ಇಡಬೇಡಿರಿ. ವಾಹನದವರು ತಿರುವಿನಲ್ಲಿ ಹಾರ್ನ್ ಮಾಡಿ, ದೀಪ ತಗ್ಗಿಸಿ, ಸಾವಕಾಶ ಇಳಿಯಿರಿ. ಮಂಜು ಸರಿದರೆ ನೋಟ ಸಿಕ್ಕೀತು. ಸರಿಯದಿದ್ದರೆ ದರ್ಶನ ಮುಗಿಸಿ ಕ್ಷೇಮವಾಗಿ ಮನೆ ಸೇರಿರಿ, ಗಿರಿ ಎಲ್ಲಿಗೂ ಹೋಗುವುದಿಲ್ಲ.