ಭಂಗಿಯ ಗಿಡವೂ ಹೊಟ್ಟೆಯ ನೋವೂ

ಭಂಗಿ, ಗಾಂಜಾ, ಚರಸ್ಸು—ಇವು ಮೂರೂ ಒಂದೇ ಗಿಡದಿಂದ ದೊರೆಯುವ ಪದಾರ್ಥಗಳು. ಈ ಗಿಡಕ್ಕೆ ನೋವನ್ನು ಶಮನಗೊಳಿಸುವ ಶಕ್ತಿಯುಂಟೆಂಬ ನಂಬಿಕೆ ನಮ್ಮ ದೇಶದಲ್ಲಿ ಬಹು ಹಳೆಯದು. 1839ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾದ ವಿಲಿಯಂ ಓಷಾನೆಸಿಯವರು ಇದನ್ನು ಪ್ರಾಣಿಗಳ ಮೇಲೂ ರೋಗಿಗಳ ಮೇಲೂ ಪ್ರಯೋಗಿಸಿ, ಕಂಡುದನ್ನು ಪಾಶ್ಚಾತ್ಯ ವೈದ್ಯರ ಗಮನಕ್ಕೆ ತಂದರು. ತಿಂಗಳುಗಟ್ಟಲೆ ಬಿಡದೆ ಕಾಡುವ ಹೊಟ್ಟೆನೋವಿಗೂ ಈ ಗಿಡದಲ್ಲಿ ಔಷಧವಿರಬಹುದೆ?

ಹಾಗೆ ಊಹಿಸಲು ಕಾರಣವುಂಟು. 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳಾದ ಗಾವೋನಿ ಮತ್ತು ಮೆಶುಲಾಮ್ ಇವರು, ಗಿಡದ ಮಾದಕಗುಣಕ್ಕೆ ಮುಖ್ಯ ಕಾರಣವಾದ ಟೆಟ್ರಹೈಡ್ರೊಕೆನಾಬಿನಾಲ್ ಎಂಬ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಬೀಗಕ್ಕೆ ಬೀಗದ ಕೈ ಹೊಂದುವಂತೆ, ಇದರ ಅಣುಗಳು ನರಕೋಶಗಳ ಮೇಲಿರುವ ವಿಶಿಷ್ಟ ಗ್ರಾಹಕಗಳಿಗೆ ಹೊಂದಿಕೊಳ್ಳುತ್ತವೆ. ಈ ಗ್ರಾಹಕಗಳು ಮೆದುಳು, ಬೆನ್ನುಹುರಿಗಳಲ್ಲಿ ಮಾತ್ರವಲ್ಲದೆ ಕರುಳಿನ ನರಗಳಲ್ಲಿಯೂ ಇವೆ. ಅವುಗಳಿಗೆ ಹೊಂದುವ ವಸ್ತುವೊಂದನ್ನು ನಮ್ಮ ದೇಹವೇ ತಯಾರಿಸುತ್ತದೆಂದು 1992ರಲ್ಲಿ ತಿಳಿದುಬಂದಿತು. ಸಂಸ್ಕೃತದ ‘ಆನಂದ’ ಶಬ್ದದಿಂದಲೇ ಅದಕ್ಕೆ ‘ಅನಾಂಡಮೈಡ್’ ಎಂದು ಹೆಸರಿಟ್ಟರು.

ಆದರೆ ಕಾರಣ ತೋರಿದ ಮಾತ್ರಕ್ಕೆ ಗುಣ ಸಿದ್ಧವಾಗದು. ನೆದರ್ಲೆಂಡ್ಸ್ ದೇಶದ ವೈದ್ಯರು ಇದನ್ನು ಪರೀಕ್ಷೆಗೊಡ್ಡಿ, ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿದರು. ಮೇದೋಜೀರಕಗ್ರಂಥಿಯ ಬಹುಕಾಲದ ಉರಿಯೂತದಿಂದಲೋ ಶಸ್ತ್ರಚಿಕಿತ್ಸೆಯ ತರುವಾಯ ಉಳಿದ ನೋವಿನಿಂದಲೋ ನರಳುತ್ತಿದ್ದ 65 ಮಂದಿ ಇದರಲ್ಲಿ ಭಾಗವಹಿಸಿದರು. ಒಂದು ಗುಂಪಿಗೆ ಟೆಟ್ರಹೈಡ್ರೊಕೆನಾಬಿನಾಲ್ ಮಾತ್ರೆ. ಇನ್ನೊಂದಕ್ಕೆ ಔಷಧವೇ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಸುಮಾರು ಏಳು ವಾರಗಳ ಬಳಿಕ ಔಷಧ ಸೇವಿಸಿದವರ ನೋವು ಶೇಕಡ 40ರಷ್ಟು ತಗ್ಗಿತ್ತು. ಹುಸಿ ಮಾತ್ರೆಯವರ ನೋವೂ ಶೇಕಡ 37ರಷ್ಟು ತಗ್ಗಿತ್ತು! ಈ ಅಲ್ಪ ಅಂತರವು ಕೇವಲ ಆಕಸ್ಮಿಕವಾಗಿ ಬರಬಹುದಾದುದು.

ಎರಡನೆಯ ಗುಂಪು ಇಲ್ಲದಿದ್ದಲ್ಲಿ, ಔಷಧವು ಗೆದ್ದಿತೆಂದೇ ಎಲ್ಲರೂ ಸಾರುತ್ತಿದ್ದರಲ್ಲವೆ? ಬಹುಕಾಲದ ನೋವು ತಾನಾಗಿಯೇ ಏರಿ ಇಳಿಯುತ್ತದೆ; ಗುಣವಾದೀತೆಂಬ ನಿರೀಕ್ಷೆಯೂ ಅದನ್ನು ತಗ್ಗಿಸುತ್ತದೆ. ಇವೆರಡರ ಪಾಲನ್ನು ಕಳೆದು ಉಳಿಯುವುದೇ ಔಷಧದ ನಿಜವಾದ ಗುಣ.

ಈ ಒಂದು ಪರೀಕ್ಷೆಯೇ ಕೊನೆಯ ತೀರ್ಪಲ್ಲ. ಗಿಡದಲ್ಲಿ ಇನ್ನೂ ಹಲವು ರಾಸಾಯನಿಕಗಳಿವೆ. ಆದರೆ ನೋವಿನ ನೆಪದಿಂದ ಗಾಂಜಾ ಸೇದುವುದು ಚಿಕಿತ್ಸೆಯಲ್ಲ. ವರ್ಷಗಟ್ಟಲೆ ಅದನ್ನು ವಿಪರೀತವಾಗಿ ಸೇವಿಸಿದ ಕೆಲವರಲ್ಲಿ ಅದೇ ಮರುಕಳಿಸುವ ವಾಂತಿಯನ್ನೂ ಹೊಟ್ಟೆನೋವನ್ನೂ ಉಂಟುಮಾಡುವುದು ಕಂಡುಬಂದಿದೆ. ಪುರಾತನವಾದ ನಂಬಿಕೆಯು ಪರೀಕ್ಷೆಗೆ ಯೋಗ್ಯವಾದುದು. ಪರೀಕ್ಷೆಗೆ ಬದಲಾಗಿ ನಿಲ್ಲಲಾರದು.