ಪಾಠ 12: ಎತ್ತಿದ ಬಕೆಟ್ ಇಳಿದರೆ

ತಿಪ್ಪೆಯ ಗೊಬ್ಬರ ತುಂಬಲು ಟ್ರ್ಯಾಕ್ಟರ್ ಬಂತು. ಅದರ ಮುಂದೆ ಲೋಡರ್ ಇತ್ತು. ಡ್ರೈವರ್ ಬಕೆಟ್ ಮೇಲೆತ್ತಿ ನಿಲ್ಲಿಸಿದ. ಕೆಳಗೆ ಉದುರಿದ ಗೊಬ್ಬರ ಬಾಚಲು ಚಿಕ್ಕಕ್ಕ ಹೊರಟಳು.

"ನಿಲ್ಲೇ! ಬಕೆಟ್ ಇಳೀತಾ ಇದೆ" ಎಂದಳು ದೊಡ್ಡಕ್ಕ.

ಲಿವರನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಬಕೆಟ್ ಮೆಲ್ಲಗೆ ಇಳಿಯುತ್ತಿತ್ತು.

"ಸ್ವಲ್ಪ ಇಳಿಯುತ್ತೆ, ಏನಾಗಲ್ಲ" ಎಂದ ಡ್ರೈವರ್.

"ಮೊದಲು ನೆಲಕ್ಕೆ ಇಳಿಸಪ್ಪಾ. ಆಮೇಲೆ ಮಾತು" ಎಂದಳು ದೊಡ್ಡಕ್ಕ.

ಮೆಕ್ಯಾನಿಕ್ ಬಂದ. ಬಿಡಿಸಿ ಹೇಳಿದ:

"ಪಂಪು ಎಣ್ಣೆ ದೂಡುತ್ತೆ. ಆ ಬಲದಿಂದ ಬಕೆಟ್ ಏಳುತ್ತೆ. ವಾಲ್ವು ಕೆರೆಯ ತೂಬು ಇದ್ದ ಹಾಗೆ. ಲಿವರ್ ಎಳೆದರೆ ಎಣ್ಣೆಗೆ ದಾರಿ. ಬಿಟ್ಟರೆ ದಾರಿ ಬಂದ್. ತೂಬು ಸವೆದರೆ, ಕಸ ಸಿಕ್ಕಿದರೆ ನೀರು ಸೋರಲ್ವಾ? ವಾಲ್ವೂ ಹಾಗೇ. ಸಿಲಿಂಡರಿನ ಸೀಲು ಹಾಳಾದರೂ ಬಕೆಟ್ ಇಳಿಯುತ್ತೆ. ಯಾವುದು ಅಂತ ಪರೀಕ್ಷೆ ಮಾಡಿಯೇ ತಿಳಿಯಬೇಕು."

ನಾವು ನೆನಪಿಡೋಣ:

1. ಮೊದಲು ಬಕೆಟ್ ನೆಲಕ್ಕೆ ಇಳಿಸಬೇಕು. ಇಂಜಿನ್ ನಿಲ್ಲಿಸಬೇಕು.

2. ಎಣ್ಣೆಯ ಮಟ್ಟ ನೋಡಬೇಕು. ಎಣ್ಣೆ ಕಡಿಮೆ ಆದರೆ ಬಕೆಟ್ ನಿಧಾನವಾಗಿ, ಜಗ್ಗಿ ಜಗ್ಗಿ ಏಳುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿರಬಹುದು.

3. ಪೈಪು ಸೋರುತ್ತಿದ್ದರೆ ಕೈಯಿಂದ ಮುಟ್ಟಬಾರದು. ಚಿಮ್ಮುವ ಎಣ್ಣೆ ಸೂಜಿಯಂತೆ ಚರ್ಮದೊಳಗೆ ಹೋಗುತ್ತದೆ. ಗಾಯ ಚುಕ್ಕಿಯಷ್ಟೇ ಕಂಡರೂ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

4. ವಾಲ್ವು ಬಿಚ್ಚುವುದು ಮೆಕ್ಯಾನಿಕ್ ಕೆಲಸ.

ಎತ್ತಿದ ಬಕೆಟ್ ಕೆಳಗೆ ಯಾರೂ ಹೋಗಬಾರದು. ಕೂಲಿಗೆ ಹೋದರೂ "ಮೊದಲು ಇಳಿಸಿ" ಎಂದು ಕೇಳೋಣ. ಕೂಲಿ ನಾಳೆಯೂ ಸಿಗುತ್ತದೆ. ಜೀವ ಸಿಗುತ್ತದೆಯೇ?

ಹೇಳಿ, ಬರೆಯಿರಿ:

ವಾಲ್ವು ಯಾವುದರ ಹಾಗೆ ಕೆಲಸ ಮಾಡುತ್ತದೆ?

ದೊಡ್ಡಕ್ಕ ಮೊದಲು ಏನು ಮಾಡಿಸಿದಳು? ಏಕೆ?